‘ನೋಡೋಣ’ ಎಂಬ ಉತ್ತರ

ನಮ್ಮ ಸಮಾಜದ ಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ಪರದೇಶಗಳಿಗೆ ತೆರಳುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊರಡುವ ಮುನ್ನ ಹಿರಿಯರು ಹೇಳುವ ಬುದ್ಧಿಮಾತಿನಲ್ಲಿ ಆಹಾರದ ವಿಷಯವಿರುತ್ತದೆ, ಹಣದ ವಿಷಯವಿರುತ್ತದೆ, ಸಹವಾಸದ ವಿಷಯವಿರುತ್ತದೆ. ಅನ್ಯದೇಶೀಯರೊಡನೆ ಒಂದೇ ಮೇಜಿನ ಸುತ್ತ ಕುಳಿತು ಕೆಲಸ ಮಾಡುವಾಗ ಹೇಗೆ ಮಾತನಾಡಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಯುರೋಪಿನ ಅನೇಕ ಸ್ನಾತಕೋತ್ತರ ಪಠ್ಯಕ್ರಮಗಳಲ್ಲಿ ಇದು ಸಣ್ಣ ವಿಷಯವಲ್ಲ. ಬೇರೆಬೇರೆ ದೇಶಗಳ ನಾಲ್ಕೈದು ವಿದ್ಯಾರ್ಥಿಗಳನ್ನು ಒಂದು ತಂಡವಾಗಿ ಮಾಡಿ ಒಂದು ಕಾರ್ಯವನ್ನು ಒಪ್ಪಿಸುತ್ತಾರೆ; ಫಲಿತವನ್ನು ಎಲ್ಲರೂ ಹಂಚಿಕೊಳ್ಳಬೇಕಾಗುತ್ತದೆ. 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯು ಒಂದು ದೇಶದವರು ಇನ್ನೊಂದು ದೇಶದಲ್ಲಿ ಕೆಲಕಾಲ ಓದುವುದನ್ನು ಅಲ್ಲಿ ವಾಡಿಕೆಯನ್ನಾಗಿಸಿತು. ಈಗ ಅದೇ ತರಗತಿಗಳಲ್ಲಿ ಏಷ್ಯಾ, ಆಫ್ರಿಕಾ ಖಂಡಗಳ ಮಕ್ಕಳೂ ಇದ್ದಾರೆ.

ನನ್ನ ತಮ್ಮನ ಮಗಳು ಆಹಾರ ತಂತ್ರಜ್ಞಾನವನ್ನು ಓದಲು ನೆದರ್ಲೆಂಡ್ಸ್ ದೇಶಕ್ಕೆ ಹೋದಾಗ ನಡೆದುದನ್ನು ಅವಳ ಅನುಮತಿಯಿಂದಲೇ ಬರೆಯುತ್ತಿದ್ದೇನೆ. ಅವಳ ತಂಡದಲ್ಲಿ ಐವರಿದ್ದರು. ಡಚ್ ಹುಡುಗನೊಬ್ಬ, ಚೀನಾದ ಹುಡುಗನೊಬ್ಬ, ಇಟಲಿಯ ಹುಡುಗಿ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಘಾನಾ ದೇಶದ ಮಹಿಳೆ, ಮತ್ತು ಇವಳು. ಸಕ್ಕರೆಯನ್ನು ಕಡಿಮೆ ಮಾಡಿ ಹಣ್ಣಿನ ರಸದ ಮೃದುವಾದ ಮಿಠಾಯಿಯೊಂದನ್ನು ರೂಪಿಸುವುದು ಅವರ ಪಾಲಿನ ಕೆಲಸ. ಮೊದಲ ಸಭೆಯಲ್ಲಿ ಡಚ್ ಹುಡುಗ ಜೆಲಾಟಿನ್ ಬಳಸೋಣವೆಂದ. ಜೆಲಾಟಿನ್ ಹಂದಿಯ ಚರ್ಮ, ದನದ ಮೂಳೆ, ಚರ್ಮಗಳಿಂದ ತೆಗೆಯುವ ಪದಾರ್ಥವೆಂಬುದು ವಾಚಕರಿಗೆ ತಿಳಿದೇ ಇದೆ. “ಯಾರಿಗಾದರೂ ಆಕ್ಷೇಪಣೆ ಇದೆಯೇ?” ಎಂದು ಅವನು ಕೇಳಿದಾಗ ಇವಳು ತಲೆ ತಗ್ಗಿಸಿ, ಇಂಗ್ಲಿಷಿನಲ್ಲಿಯೇ, ನಮ್ಮ ಮನೆಗಳ ಪದ್ಧತಿಯಂತೆ ‘ನೋಡೋಣ’ ಎಂದಳು. ಅವನು ಒಪ್ಪಿಗೆಯಾಯಿತೆಂದು ಬರೆದುಕೊಂಡ. ಎರಡು ವಾರಗಳ ಲೆಕ್ಕಾಚಾರವೆಲ್ಲ ಜೆಲಾಟಿನ್ನಿನ ಮೇಲೆಯೇ ನಡೆಯಿತು. ಸಾಮಗ್ರಿ ಬಂದು, ತೂಗಿ ಕಲಸುವ ದಿನ ಬಂದಾಗ ಇವಳಿಂದ ಮುಟ್ಟಲಾಗಲಿಲ್ಲ.

ಅಂದು ರಾತ್ರಿ ಹುಬ್ಬಳ್ಳಿಗೆ ದೂರವಾಣಿ ಬಂತು. “ದೊಡ್ಡಪ್ಪಾ, ನಾ ಬ್ಯಾಡ ಅಂತ ಹೇಳಿದ್ದೆ, ಅವ್ರು ಕೇಳಲಿಲ್ಲ.” “ಏನಂತ ಹೇಳಿದ್ದಿ?” “ನೋಡೋಣು ಅಂದಿದ್ದೆ.”

ನಮ್ಮ ಪೇಟೆಯಲ್ಲಿ ‘ನೋಡೋಣ’ ಎಂದರೆ ವ್ಯವಹಾರ ಮುರಿಯಿತೆಂದೇ ಅರ್ಥ. ಹಮಾಲನಿಗೂ ಅದು ಗೊತ್ತು. ಆದರೆ ಆ ಅರ್ಥವು ಪದದಲ್ಲಿಲ್ಲ, ಪೇಟೆಯಲ್ಲಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನೇ ವಿವರಿಸಿದ್ದಾನೆ. ಕೆಲವು ಸಂಸ್ಕೃತಿಗಳಲ್ಲಿ ಅರ್ಥದ ಬಹುಭಾಗ ಸಂದರ್ಭದಲ್ಲಿ, ಸಂಬಂಧದಲ್ಲಿ, ದನಿಯಲ್ಲಿ ಅಡಗಿರುತ್ತದೆ. ಇನ್ನು ಕೆಲವರಲ್ಲಿ ಆಡಿದ ಪದವೇ ಬಹುಮಟ್ಟಿಗೆ ಅರ್ಥ. ನಾವು ಮೊದಲನೆಯ ವರ್ಗದವರು, ಡಚ್ಚರು ಎರಡನೆಯವರು. ಡಚ್ಚರ ದೇಶದವನೇ ಆದ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ಸಂಸ್ಥೆಯ ವಿವಿಧ ದೇಶಗಳ ನೌಕರರ ಒಂದು ಲಕ್ಷಕ್ಕೂ ಮಿಕ್ಕಿದ ಪ್ರಶ್ನಾವಳಿಗಳನ್ನು ಪರಿಶೀಲಿಸಿ, 1980ರಲ್ಲಿ ದೇಶದೇಶಗಳ ಸ್ವಭಾವಕ್ಕೆ ಅಂಕಗಳನ್ನೇ ಕೊಟ್ಟ. ಮೇಲಿನವರ ಎದುರು ಮಾತನಾಡಲು ಅಂಜುವುದಕ್ಕೂ ಅದರಲ್ಲಿ ಒಂದು ಅಳತೆಯಿದೆ. ಭಾರತದ ಅಂಕ ಹೆಚ್ಚು, ನೆದರ್ಲೆಂಡ್ಸಿನದು ಕಡಿಮೆ. ಆದರೆ ಅವು ದೇಶದ ಸರಾಸರಿಗಳೇ ಹೊರತು ವ್ಯಕ್ತಿಯ ಜಾತಕವಲ್ಲ. ಸರಾಸರಿ ದರ ನೋಡಿ ಒಂದು ಚೀಲ ಮೆಣಸಿನಕಾಯಿಯ ಗುಣ ಹೇಳುವವನನ್ನು ನಾನಂತೂ ಅಂಗಡಿಗೆ ಸೇರಿಸುವುದಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಅದರಲ್ಲಿ ಮೊದಲನೆಯದು ಇರುವುದನ್ನು ಇಲ್ಲವೆನ್ನುವುದು. ಮನಸ್ಸಿನಲ್ಲಿ ಆಕ್ಷೇಪಣೆ ಇದ್ದೂ, ಇಲ್ಲವೆಂಬಂತೆ ಕೇಳುವ ಮಾತನ್ನಾಡಿದರೆ ಅದನ್ನು ಯಾವ ಬಗೆಗೆ ಸೇರಿಸೋಣ? ಸಂಕೋಚದಿಂದ ಆಡಿದ್ದೆಂಬ ಕಾರಣಕ್ಕೆ ಅದು ವಿನಯವಾಗಿಬಿಡುವುದಿಲ್ಲ. ಡಚ್ ಹುಡುಗನಿಗೆ ಕೋಪ ಬಂದಿತ್ತು. ಎರಡು ವಾರಗಳ ಶ್ರಮ ವ್ಯರ್ಥವಾದುದಕ್ಕಿಂತಲೂ ತನ್ನನ್ನು ನಂಬಿಸಿದರೆಂಬುದು ಅವನ ದೂರು. ಆ ದೂರು ನ್ಯಾಯವಾದುದೆಂದೇ ನಾನು ಅವಳಿಗೆ ಹೇಳಿದೆ. ಅವನು ಅದನ್ನು ಎಲ್ಲರ ಮುಂದೆ ಹೇಳಿದ ರೀತಿ ಬೇರೆಯ ವಿಷಯ; ಅದೇ ಗ್ರಂಥದ ನಾಲ್ಕನೆಯ ಬಗೆಯಲ್ಲಿ ಪರುಷವಾದ, ಅಪ್ರಿಯವಾದ ನುಡಿಗೂ ಸ್ಥಾನವಿದೆ.

ನಮ್ಮ ವ್ಯಾಖ್ಯಾನಗಳಲ್ಲಿ ಅನೇಕಾಂತವೆಂದರೆ ‘ಎಲ್ಲರೂ ಸರಿ’ ಎಂದು ಸುಲಭವಾಗಿ ಮುಗಿಸಿಬಿಡುವುದುಂಟು. ಅದು ಅಷ್ಟು ಅಗ್ಗದ ಸರಕಲ್ಲ. ‘ಸ್ಯಾತ್’ ಎಂಬ ಪದವು ಯಾವ ಅಪೇಕ್ಷೆಯಿಂದ ಈ ಮಾತು ನಿಜವೆಂಬುದನ್ನು ಗೊತ್ತುಪಡಿಸುವ ಹೊಣೆಯನ್ನು ಹೇಳುವವನ ಮೇಲೆಯೇ ಇಡುತ್ತದೆ. ಡಚ್ ಹುಡುಗ ತನ್ನ ನಯವನ್ನು ಮುಂದಿಟ್ಟಿದ್ದ: ಜೆಲಾಟಿನ್ ದೇಹದ ಉಷ್ಣತೆಯಲ್ಲಿಯೇ ಕರಗುವುದರಿಂದ ಬಾಯಲ್ಲಿ ಮೃದುವಾಗಿರುತ್ತದೆ, ಕಡಿಮೆ ಸಕ್ಕರೆಯಲ್ಲೂ ಗಟ್ಟಿಯಾಗುತ್ತದೆ. ಅವನ ಅಪೇಕ್ಷೆಯಿಂದ ಅದು ನಿಜವೇ. ಅಹಿಂಸೆಯ ಅಪೇಕ್ಷೆಯೊಂದಿದೆ ಎಂಬುದು ಮೇಜಿನ ಮೇಲೆ ಬರಲೇ ಇಲ್ಲ. ತಂದಿಡದ ನಯವನ್ನು ಅವನು ಎಲ್ಲಿಂದ ಕಾಣಬೇಕು? ಸಪ್ತಭಂಗಿಯಲ್ಲಿ ‘ಅವಕ್ತವ್ಯ’ವೂ ಇದೆಯಲ್ಲ ಎಂದು ಅವಳು ನನ್ನನ್ನೇ ಕೇಳಿದಳು. ಎರಡು ವಿರುದ್ಧ ಧರ್ಮಗಳನ್ನು ಏಕಕಾಲದಲ್ಲಿ ಒಂದೇ ಪದದಿಂದ ಹೇಳಲಾಗದು ಎಂಬ ಅರ್ಥದ ಅವಕ್ತವ್ಯವದು. ಹೇಳಲು ನಾಚಿಕೆಯಾಯಿತೆಂಬ ಅರ್ಥದ್ದಲ್ಲ.

ಮುಂದಿನದನ್ನು ಸರಿಪಡಿಸಿದವಳು ಘಾನಾದ ಮಹಿಳೆ. ಒಬ್ಬೊಬ್ಬರೂ ಒಂದು ಸಲ ಮಾತನಾಡುವವರೆಗೆ ಯಾರೂ ಎರಡನೆಯ ಸಲ ಬಾಯಿ ತೆರೆಯಬಾರದೆಂದು ಆಕೆ ಪಟ್ಟು ಹಿಡಿದಳು. ‘ಆಕ್ಷೇಪಣೆ ಇದೆಯೇ’ ಎಂಬ ಪ್ರಶ್ನೆಯನ್ನೂ ಬಿಡಿಸಿದಳು. ಅದಕ್ಕೆ ಇಲ್ಲವೆನ್ನುವುದು ಬಲು ಸುಲಭ. ಅದರ ಬದಲು ‘ಇದರಲ್ಲಿ ನಿನಗೆ ಕಾಣುವ ಒಂದು ತೊಡಕನ್ನು ಹೇಳು’ ಎಂದು ಪ್ರತಿಯೊಬ್ಬರನ್ನೂ ಕೇಳತೊಡಗಿದರು. ನಿರ್ಣಯಗಳನ್ನು ಅಂದೇ ಸಂಜೆ ಬರಹದಲ್ಲಿ ಎಲ್ಲರಿಗೂ ಕಳುಹಿಸುವುದೆಂದಾಯಿತು. ಎದುರಿಗೆ ಹೇಳಲಾರದವರು ರಾತ್ರಿ ಕುಳಿತು ಬರೆದು ತಿಳಿಸಬಹುದು. ನಾನು ಕಂಡಂತೆ ಇದು ನಮ್ಮ ದನದ ಸಂತೆಯ ಪದ್ಧತಿಗೆ ತೀರ ದೂರದ್ದಲ್ಲ. ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಮಾಡುವ ಇಬ್ಬರಿಗೆ ಭಾಷೆ ಒಂದೇ ಆಗಿರಬೇಕಿಲ್ಲ, ಯಾವ ಬೆರಳಿಗೆ ಎಷ್ಟೆಂಬ ಲೆಕ್ಕ ಮಾತ್ರ ಮೊದಲೇ ಇಬ್ಬರಿಗೂ ಒಂದೇ ಆಗಿರಬೇಕು.

ಸರದಿ ಬಂದಾಗ ಚೀನಾದ ಹುಡುಗನೂ ಮಾತನಾಡಿದ. ಅಷ್ಟು ದಿನ ಅವನನ್ನು ಅನಾಸಕ್ತನೆಂದೇ ಉಳಿದವರು ಎಣಿಸಿದ್ದರು. ಅವನು ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯವನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತಿತ್ತು, ಅಷ್ಟೆ. ಜೆಲಾಟಿನ್ ಒಂದೇ ದಾರಿಯಲ್ಲ, ಕಡಲಪಾಚಿಯ ಅಗರ್ ಇದೆ, ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಿಂದಲೂ ಸೇಬಿನ ಹಿಪ್ಪೆಯಿಂದಲೂ ತೆಗೆಯುವ ಪೆಕ್ಟಿನ್ ಇದೆ ಎಂದು ಅವನೇ ಸೂಚಿಸಿದ. ಮುರಬ್ಬ, ಜಾಮುಗಳಲ್ಲಿ ಬಳಸುವ ಸಾಮಾನ್ಯ ಪೆಕ್ಟಿನ್ ಗಟ್ಟಿಯಾಗಲು ಹೆಚ್ಚು ಸಕ್ಕರೆಯೂ ಹುಳಿಯೂ ಬೇಕು. ಇವರ ಕೆಲಸವೋ ಸಕ್ಕರೆ ಕಡಿಮೆ ಮಾಡುವುದು. ಕೊನೆಗೆ ಕ್ಯಾಲ್ಸಿಯಂ ಸೇರಿದರೆ ಗಟ್ಟಿಯಾಗುವ ಇನ್ನೊಂದು ಬಗೆಯ ಪೆಕ್ಟಿನ್ನನ್ನು ಹಿಡಿದರು. ಜೆಲಾಟಿನ್ನಿನ ಮೃದುತ್ವ ಬರಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದರು, ಅದೂ ಇವಳ ಕೈಯಿಂದಲೇ.

ನಮ್ಮ ಟ್ರಸ್ಟುಗಳ ಹಿರಿಯರಲ್ಲಿ ಒಂದು ವಿನಂತಿಯಿದೆ. ನಾವು ನಡೆಸುವ ವಿದ್ಯಾರ್ಥಿನಿಲಯಗಳಲ್ಲಿ ಕನ್ನಡ, ಮರಾಠಿ, ತುಳು, ಹಿಂದಿ ಮನೆಮಾತಿನ ಮಕ್ಕಳು ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಆದರೆ ನಿಲಯದ ವಿಷಯದಲ್ಲಿ ಅವರು ಕೇಳಿಸಿಕೊಳ್ಳುವುದೇ ಹೆಚ್ಚು, ಹೇಳುವುದು ಕಡಿಮೆ. ತಿಂಗಳಿಗೊಮ್ಮೆ ಅಡುಗೆಮನೆಯ ಜಮಾಖರ್ಚನ್ನು ಅವರ ಮುಂದಿಟ್ಟು, ಎಲ್ಲರಿಗಿಂತ ಕಿರಿಯ ವಿದ್ಯಾರ್ಥಿಯಿಂದ ಆರಂಭಿಸಿ ಒಬ್ಬೊಬ್ಬರಿಂದಲೂ ಒಂದೊಂದು ತೊಡಕನ್ನು ಹೇಳಿಸಬಹುದಲ್ಲವೇ? ಯಾವ ಭಾಷೆಯಲ್ಲಾದರೂ ಹೇಳಲಿ, ಪಕ್ಕದವನು ತಿಳಿಸಿಕೊಡಲಿ. ವ್ಯವಸ್ಥಾಪಕರೂ ವಿಶ್ವಸ್ತರೂ ಎಲ್ಲರ ಮಾತು ಮುಗಿದ ಮೇಲೆಯೇ ಬಾಯಿ ತೆರೆಯಲಿ.