ಬೆಟ್ಟ ಬಿಟ್ಟು ಕುಣಿಗಲ್ ರಸ್ತೆ ಹಿಡಿದಾಗ

ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟು ತುಮಕೂರಿನ ಕಡೆ ಹೊರಡುವ ಕಾರುಗಳಿಗೆ ಗೊತ್ತಿರುವುದು ಮೂರೇ ಜಾಗ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಸಿದ್ಧಗಂಗೆ, ದೇವರಾಯನದುರ್ಗ. ಮೂರರ ಮೇಲೂ ನನಗೆ ತಕರಾರಿಲ್ಲ. ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡಿಕೊಂಡು ಕೂತವನಿಗೆ ಮುಂದಿನ ಊರಿನ ಚಿಂತೆ ಬರುವುದೂ ಇಲ್ಲ. ದುರ್ಗದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕೆಲವೇ ಕಲ್ಲುಬೆಟ್ಟಗಳಲ್ಲಿ ಮಾತ್ರ ಕಾಣುವ ಹಕ್ಕಿ ಅದು. ಆದರೆ ಭಾನುವಾರ ಹನ್ನೊಂದು ಗಂಟೆಗೆ ಅಲ್ಲಿಗೆ ಹೋದರೆ ಕಾಣುವುದು ಕೋತಿ, ಚಿಪ್ಸ್ ಪೊಟ್ಟಣ ಮತ್ತು ಪಾರ್ಕಿಂಗ್‌ಗಾಗಿ ಜಗಳ. ಹಾಗಾಗಿ ಈ ಸಲ ಬೆಟ್ಟ ಬಿಟ್ಟು ಗುಬ್ಬಿ ಮತ್ತು ಕುಣಿಗಲ್ಲಿನ ರಸ್ತೆಗಳನ್ನು ಹಿಡಿದೆ. ಎರಡೂ ರಸ್ತೆಗಳಲ್ಲಿ ತೆಂಗು, ಅಡಿಕೆ, ಮತ್ತೆ ತೆಂಗು. ನೋಡಲು ಏನೂ ಇಲ್ಲ ಎನ್ನಿಸುವಂಥ ರಸ್ತೆಗಳು.

ಗುಬ್ಬಿ ತುಮಕೂರಿನಿಂದ ಅರ್ಧ ಗಂಟೆಯ ದಾರಿ. ಪೇಟೆಯೊಳಗೆ ಚನ್ನಬಸವೇಶ್ವರನ ಗುಡಿಯಿದೆ. ಜನರ ಬಾಯಲ್ಲಿ ಅವನು ‘ಗುಬ್ಬಿಯಪ್ಪ’. ಕನ್ನಡ ನಾಡಿನ ಅತಿ ದೊಡ್ಡ ನಾಟಕ ಕಂಪನಿಗೆ ಹೆಸರು ಕೊಟ್ಟ ದೇವರು ಇವನೇ ಎಂಬುದು ಗುಡಿಯ ಮುಂದೆ ಹೂವು ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಓಡಿದ್ದೂ ಅದೇ ವರ್ಷ. ಪರದೆ, ಸೀನುಗಳು, ಪೆಟ್ಟಿಗೆ ಪೆಟ್ಟಿಗೆ ಬಟ್ಟೆ, ಅಡುಗೆ ಪಾತ್ರೆ, ಸಂಸಾರ ಎಲ್ಲವನ್ನೂ ಹೊತ್ತು ಊರಿಂದೂರಿಗೆ ಕ್ಯಾಂಪ್ ಹಾಕುತ್ತಿದ್ದ ಕಂಪನಿಗೆ ಹಳಿಯ ಪಕ್ಕದ ಊರೇ ತವರಾದದ್ದು ಕೇವಲ ಆಕಸ್ಮಿಕ ಎಂದು ನನಗಂತೂ ಅನ್ನಿಸುವುದಿಲ್ಲ.

ಇಲ್ಲೇ 1891ರಲ್ಲಿ ಹುಟ್ಟಿದ ವೀರಣ್ಣ ಬಾಲನಟನಾಗಿ ಕಂಪನಿ ಸೇರಿ, 1917ರಲ್ಲಿ ಅದರ ಯಜಮಾನರಾದರು. ‘ಸದಾರಮೆ’ಯ ಕಳ್ಳನಾಗಿ ಊರೂರನ್ನು ನಗಿಸಿದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದು ರಂಗದ ಮೇಲೆ ನಿಲ್ಲಿಸಿದರು. ಸಿನಿಮಾ ಇನ್ನೂ ಮಾತು ಕಲಿಯುತ್ತಿದ್ದ ಕಾಲ ಅದು. ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು ಬಂದವನ ಎದುರಿಗೆ ಪರದೆ ಮೇಲೆದ್ದು ಆನೆ ಕಂಡಾಗ ಅವನ ಮುಖ ಹೇಗಾಗಿರಬೇಕು! ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಈ ಕಂಪನಿಯ ಅನ್ನ ಉಂಡವರು. ಕನ್ನಡ ಸಿನಿಮಾದ ಅರ್ಧ ಸಂಸಾರ ಇಲ್ಲಿಂದಲೇ ಹೊರಟಿತು ಎಂದರೆ ಅದು ಉತ್ಪ್ರೇಕ್ಷೆಯೇನಲ್ಲ. ಇಷ್ಟೆಲ್ಲ ಇದ್ದರೂ ಹೊರಗಿನಿಂದ ಬಂದವನ ಕೈ ಹಿಡಿದು ಈ ಕಥೆ ಹೇಳುವ ಒಳ್ಳೆಯ ನಾಟಕ ಮ್ಯೂಸಿಯಂ ನನ್ನ ಕಣ್ಣಿಗೆ ಬೀಳಲಿಲ್ಲ. ಗುಡಿ, ಪೇಟೆ ಬೀದಿ, ರೈಲು ನಿಲ್ದಾಣಗಳನ್ನು ನೋಡಿಕೊಂಡು ಮಿಕ್ಕಿದ್ದನ್ನು ನೀವೇ ಕಲ್ಪಿಸಿಕೊಳ್ಳಬೇಕು.

ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಈಗ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಿದೆ. 615 ಎಕರೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಒಳಗೆ ಬಿಡುವುದಿಲ್ಲ, ಬಿಡಬೇಕೆಂದು ಕೇಳುವುದೂ ತಪ್ಪು. ಎಚ್‌ಎಂಟಿ ಕೈಗಡಿಯಾರ ಮಾಡಿ ಕೊನೆಗೆ ಬಾಗಿಲು ಹಾಕಿದ ತುಮಕೂರು ಈಗ ಹೆಲಿಕಾಪ್ಟರ್ ಮಾಡುತ್ತಿದೆ ಎಂಬಷ್ಟು ತಿಳಿದು ಮುಂದೆ ಸಾಗಿದರಾಯಿತು.

ಶನಿವಾರ ರಾತ್ರಿಗೆ ನನ್ನ ಶಿಫಾರಸು ನಾಗವಲ್ಲಿ. ತುಮಕೂರು–ಕುಣಿಗಲ್ ರಸ್ತೆಯ ಈ ಹಳ್ಳಿಯ ಬೇಲಿ ಸಾಲು, ಹುಣಸೆ ಮರ, ಕುರುಚಲುಗಳಲ್ಲಿ ಕಾಡುಪಾಪಗಳಿವೆ. ಹೆಸರಿನಲ್ಲೇ ಕಾಡು ಇರುವ ಪ್ರಾಣಿ ರಾಗಿ ಹೊಲದ ಬದುವಿನಲ್ಲಿ! ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು, ಊರಿನ ಮೇಷ್ಟ್ರುಗಳು ಬಹಳ ಹಿಂದಿನಿಂದಲೂ ಇವುಗಳ ಲೆಕ್ಕ ಇಟ್ಟು, ಜನಕ್ಕೆ ತಿಳಿಹೇಳುತ್ತ ಬಂದಿದ್ದಾರೆ. ನಮ್ಮನ್ನು ಕರೆದೊಯ್ದ ಹುಡುಗ ಟಾರ್ಚಿನ ಬಾಯಿಗೆ ಕೆಂಪು ಕಾಗದ ಸುತ್ತಿದ್ದ. ‘ಬಿಳಿ ಬೆಳಕು ಬಿಟ್ರೆ ಅದಕ್ಕೆ ಕಣ್ಣು ಕಾಣಾಕಿಲ್ಲ ಸಾ, ಪಾಪ’ ಎಂದ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೇಲಿಯೊಳಗಿನಿಂದ ಸಣ್ಣಗೆ ಶಿಳ್ಳೆಯಂಥ ಸದ್ದು. ಟಾರ್ಚು ಆ ಕಡೆ ತಿರುಗಿತು. ಕೊಂಬೆಯಲ್ಲಿ ಎರಡು ಕೆಂಪು ಚುಕ್ಕಿಗಳು, ಪಕ್ಕಪಕ್ಕದಲ್ಲೇ.

ಇಡೀ ಪ್ರಾಣಿ ಅಂಗೈಯಲ್ಲಿ ಹಿಡಿಸುವಷ್ಟು, ತೂಕ ಕಾಲು ಕಿಲೋ ಆಸುಪಾಸು. ಕಡ್ಡಿಯಂಥ ಕೈಕಾಲು, ಬಾಲವಿಲ್ಲ. ಒಂದು ಕೈ ಮುಂದಿಟ್ಟು, ಕೊಂಬೆಯನ್ನು ಗಟ್ಟಿಯಾಗಿ ಹಿಡಿದ ಮೇಲೆಯೇ ಹಿಂದಿನ ಕಾಲು ಬಿಡುತ್ತಿತ್ತು. ಕಾಡುಪಾಪ ಜಿಗಿಯುವುದಿಲ್ಲ. ಕೋತಿಯಂತೆ ಒಂದು ಮರದಿಂದ ಇನ್ನೊಂದಕ್ಕೆ ಹಾರಲು ಅದಕ್ಕೆ ಬರುವುದೇ ಇಲ್ಲ. ಕೊಂಬೆಗೆ ಕೊಂಬೆ ತಾಗಿದ್ದರಷ್ಟೇ ದಾರಿ. ಹೊಲಕ್ಕೆ ಕಲ್ಲುಕಂಬ, ತಂತಿ ಬೇಲಿ ಬಂದರೆ, ರಸ್ತೆ ಅಗಲವಾಗಿ ಸಾಲುಮರ ಹೋದರೆ ಅದರ ಪಾಲಿಗೆ ಊರೇ ಎರಡು ತುಂಡಾದಂತೆ. ಮಾಟ ಮಂತ್ರದ ಮೂಢನಂಬಿಕೆಗೂ ಇದು ಎಷ್ಟೋ ಕಡೆ ಬಲಿಯಾಗಿದೆ. ಅದು ನಿಧಾನವಾಗಿ ಕುತ್ತಿಗೆ ತಿರುಗಿಸಿ ನಮ್ಮನ್ನು ನೋಡಿತು. ಒಂದು ಹುಳ ಹಿಡಿದು ಎರಡೂ ಕೈಯಲ್ಲಿ ಬಾಯಿಗಿಟ್ಟುಕೊಂಡಿತು. ಎಷ್ಟೋ ಅಭಯಾರಣ್ಯಗಳಲ್ಲಿ ಜೀಪು ಹತ್ತಿ ಕಾದು ಬಂದಿದ್ದೇನೆ. ಹೊಲದ ಬದುವಿನಲ್ಲಿ ನಿಂತು ಇಷ್ಟು ಬೆರಗಾದದ್ದು ನೆನಪಿಲ್ಲ.

ಭಾನುವಾರ ಬೆಳಿಗ್ಗೆ ಇದೇ ರಸ್ತೆಯ ಗೂಳೂರು, ಅದಕ್ಕೆ ತಾಗಿದಂತಿರುವ ಕೈದಾಳ. ಬೇಲೂರಿನ ಕಪ್ಪೆ ಚೆನ್ನಿಗರಾಯ, ಜಕಣಾಚಾರಿ ಕತ್ತರಿಸಿಕೊಂಡ ಕೈ, ಮಗ ಡಂಕಣನ ಕಥೆ ಎಲ್ಲರಿಗೂ ಗೊತ್ತು. ಆ ಕೈ ಮರಳಿ ಬಂದದ್ದು ಇಲ್ಲಿ ಎಂಬುದು ಜನರ ನಂಬಿಕೆ. ಶಾಸನ ಹೇಳುವ ಕಥೆ ಬೇರೆ, ನನಗೆ ಅದೂ ಅಷ್ಟೇ ಇಷ್ಟ. ಹೊಯ್ಸಳ ಒಂದನೇ ನರಸಿಂಹನ ಕಾಲ, 12ನೇ ಶತಮಾನದ ನಡುಭಾಗ. ಗೂಳೆ ಬಾಚಿ ಎಂಬ ಸಾಮಂತ ಇಲ್ಲಿ ಶಿವನಿಗೂ ವಿಷ್ಣುವಿಗೂ ಗುಡಿ ಕಟ್ಟಿಸಿದ, ಜಿನನಿಗೂ ಬಸದಿ ಕಟ್ಟಿಸಿದ. ಇವತ್ತಿನ ರಾಜಕಾರಣಿಗೆ ಈ ಶಾಸನವನ್ನು ಓದಿ ಹೇಳುವವರು ಬೇಕು.

ಕೈದಾಳದ ಚೆನ್ನಕೇಶವ ಗುಡಿಯ ಹೊರಗೋಡೆ ಸಾದಾ. ಬೇಲೂರು ನೋಡಿ ಬಂದವರು ‘ಇಷ್ಟೇನಾ’ ಎಂದು ಬಾಗಿಲಲ್ಲೇ ವಾಪಸಾಗುವ ಅಪಾಯವಿದೆ. ಒಳಗೆ ಹೋಗಿ. ಅರ್ಚಕರು ದೀಪ ಮೇಲೆತ್ತಿದಾಗ ಆಳೆತ್ತರದ ಚೆನ್ನಕೇಶವನ ಮೈಮೇಲಿನ ಒಡವೆಗಳು ಒಂದೊಂದಾಗಿ ಕತ್ತಲಿನಿಂದ ಈಚೆ ಬರುತ್ತವೆ. ಪ್ರಭಾವಳಿಯಲ್ಲಿ ದಶಾವತಾರ. ದೀಪ ಎಡಕ್ಕೆ ಸರಿದರೆ ಒಂದು ಅವತಾರ ಮರೆಯಾಗಿ ಇನ್ನೊಂದು ಎದ್ದು ನಿಲ್ಲುತ್ತದೆ. ಟ್ಯೂಬ್‌ಲೈಟ್ ಹಾಕಿ ಎಂದು ಕೇಳಬೇಡಿ.

ಗೂಳೂರಿನ ಬೆರಗು ಕಲ್ಲಿನದಲ್ಲ, ಕೆರೆ ಮಣ್ಣಿನದು. ಭಾದ್ರಪದ ಚೌತಿಯ ದಿನ ಊರೂರಲ್ಲಿ ಗಣೇಶನನ್ನು ಕೂರಿಸಿದರೆ ಇಲ್ಲಿ ಅವತ್ತು ಮಣ್ಣಿನ ಕೆಲಸ ಶುರು. ಆಳೆತ್ತರ ಮೀರಿ ಬೆಳೆಯುವ ಮಹಾಗಣಪತಿ ಮುಗಿಯುವುದು ದೀಪಾವಳಿಗೆ. ಬಲಿಪಾಡ್ಯಮಿಗೆ ಪೂಜೆ ಆರಂಭವಾದರೆ ಕಾರ್ತಿಕ ಪೂರ್ತಿ ನಡೆಯುತ್ತದೆ. ಆಮೇಲೆ ಹದಿನೆಂಟು ಕೋಮಿನವರೂ ಸೇರಿ ಮೆರವಣಿಗೆ ಮಾಡಿ ಅವನನ್ನು ಅದೇ ಗೂಳೂರು ಕೆರೆಗೆ ಬಿಡುತ್ತಾರೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ. ಉಳಿದ ತಿಂಗಳಲ್ಲಿ ಹೋದರೆ ನೋಡಲು ಸಿಗುವುದು ಖಾಲಿ ಪೀಠ ಮತ್ತು ಕೆರೆ.

ಕುಣಿಗಲ್ ಕೆರೆಯ ಬಗ್ಗೆ ಬರೆಯುವುದು ಕಷ್ಟ, ಜನಪದರು ಹಾಡಿ ಮುಗಿಸಿಬಿಟ್ಟಿದ್ದಾರೆ. ಸ್ಕೂಲು ವಾರ್ಷಿಕೋತ್ಸವದಲ್ಲಿ ಆ ಹಾಡಿಗೆ ಕೊಡ ಹಿಡಿದು ಕುಣಿಯದ ಹುಡುಗಿಯರು ಈ ಸೀಮೆಯಲ್ಲಿ ಇರಲಾರರು. ಏರಿಯ ಮೇಲೆ ಸಂಜೆ ನಡೆದರೆ ಹಾಡು ತಾನಾಗಿ ಬಾಯಿಗೆ ಬರುತ್ತದೆ. ಕೆರೆಗೆ ಹೇಮಾವತಿಯ ನೀರು ಬರಬೇಕೆಂದು ಕುಣಿಗಲ್ಲಿನವರು, ಅದನ್ನು ತರುವ ಎಕ್ಸ್‌ಪ್ರೆಸ್ ಕೆನಾಲ್ ಬೇಡವೆಂದು ಗುಬ್ಬಿಯ ಕಡೆಯವರು ಬೀದಿಗಿಳಿದಿದ್ದಾರೆ. ಟೀ ಅಂಗಡಿಯಲ್ಲಿ ಈ ಮಾತೆತ್ತುವ ಮುನ್ನ ಯಾವ ತಾಲ್ಲೂಕಿನಲ್ಲಿ ಕೂತಿದ್ದೀರಿ ಎಂದು ನೋಡಿಕೊಳ್ಳಿ.

ಪೇಟೆಗೆ ತಾಗಿಕೊಂಡೇ ಕುದುರೆ ಫಾರಂ ಇದೆ, ನಾನೂರು ಎಕರೆಗೂ ಮಿಗಿಲು. ಟಿಪ್ಪು ತನ್ನ ಅಶ್ವಪಡೆಗೆ ಇಲ್ಲಿ ಕುದುರೆ ಸಾಕಿಸಿದ. ಆಮೇಲೆ ಮೈಸೂರಿನ ಸಿಲ್ಲೇದಾರರ ದಳಕ್ಕೂ ಇಲ್ಲಿಂದ ಕುದುರೆ ಹೋಯಿತು. 1992ರಲ್ಲಿ ಸರ್ಕಾರ ಅದನ್ನು 30 ವರ್ಷಕ್ಕೆ ವಿಜಯ್ ಮಲ್ಯ ಅವರ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು, ಇಲ್ಲಿ ಹುಟ್ಟಿದ ಮರಿಗಳು ರೇಸುಗಳಲ್ಲಿ ಓಡಿದವು. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಕುದುರೆಗೆ ಗರ್ಭ ಹನ್ನೊಂದು ತಿಂಗಳು. ರೇಸು ಕುದುರೆಗಳ ವಯಸ್ಸನ್ನು ಜನವರಿ ಒಂದರಿಂದ ಎಣಿಸುವುದರಿಂದ ವರ್ಷದ ಮೊದಲ ತಿಂಗಳುಗಳಲ್ಲೇ ಹೆರಿಗೆ ಆಗುವಂತೆ ನೋಡಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಹುಟ್ಟಿದ ಮರಿಗೆ ಜನವರಿಗೆಲ್ಲ ಒಂದು ವರ್ಷ ತುಂಬಿಬಿಡುತ್ತದೆ, ಪಾಪ! ಈ ಜಾಗದಲ್ಲಿ ಟೌನ್‌ಶಿಪ್ ಮಾಡುವ ಮಾತು ಎದ್ದಾಗ ಊರವರು ಬೇಡವೆಂದರು. ಅವರು ಹೇಳಿದ್ದೇ ಸರಿ.

ಈ ಎರಡು ದಿನದ ತಿರುಗಾಟದಲ್ಲಿ ಒಂದನ್ನೇ ಆರಿಸು ಎಂದರೆ ನಾನು ಮಾರ್ಕೋನಹಳ್ಳಿ ಎನ್ನುತ್ತೇನೆ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡು ಅತ್ತ ಹೊರಟರೆ ಶಿಂಷಾ ನದಿಗೆ ಕಟ್ಟಿದ ಈ ಹಳೆಯ ಮೈಸೂರು ಕಾಲದ ಅಣೆಕಟ್ಟು ಸಿಗುತ್ತದೆ. ಕೆಆರ್‌ಎಸ್ ನೋಡಿದವರಿಗೆ ಇದು ಚಿಕ್ಕದು. ಇದರ ಜೀವ ಇರುವುದು ನೀರೊಳಗೆ ನಿಂತ ಎರಡು ಗುಮ್ಮಟಗಳಲ್ಲಿ. ಹೆಚ್ಚುವರಿ ನೀರನ್ನು ತಾವಾಗಿಯೇ ಹೊರಗೆ ಬಿಡುವ ಸೈಫನ್‌ಗಳು ಅವು, ಮೈಸೂರಿನ ಎಂಜಿನಿಯರ್ ವಿ. ಗಣೇಶ್ ಅಯ್ಯರ್ ಅವರ ಬುದ್ಧಿಯ ಫಲ.

ಕೆಲಸ ಹೇಗೆಂದರೆ, ಗುಮ್ಮಟದ ಕೆಳಗೆ ಒಂದು ದೈತ್ಯ ಆಲಿಕೆ. ಸೀಮೆಎಣ್ಣೆ ಅಂಗಡಿಯಲ್ಲಿ ಕ್ಯಾನಿನ ಬಾಯಿಗೆ ಇಡುತ್ತಿದ್ದರಲ್ಲ, ಅದೇ. ಜಲಾಶಯ ತುಂಬಿ ನೀರು ಆಲಿಕೆಯ ಅಂಚು ದಾಟಿತೆಂದರೆ ಒಳಗೆ ಬಾಗಿಸಿ ಕಟ್ಟಿದ ರೆಕ್ಕೆಗಳಿಗೆ ಬಡಿದು ಸುಳಿಯಾಗಿ ಸುತ್ತುತ್ತ ಇಳಿಯುತ್ತದೆ. ಇಳಿಯುವಾಗ ಗುಮ್ಮಟದೊಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಳಗೆ ಗಾಳಿ ಕಡಿಮೆಯಾದಂತೆ ಹೊರಗಿನ ಗಾಳಿಯ ಒತ್ತಡ ನೀರನ್ನು ಗುಮ್ಮಟದೊಳಕ್ಕೆ ನೂಕುತ್ತದೆ. ಕೊಳವೆ ಬಾಯಿ ತುಂಬ ಹರಿದು ನೀರು ಆಚೆ ಬದಿಯಲ್ಲಿ ಭೋರ್ಗರೆದು ಚಿಮ್ಮುತ್ತದೆ. ಮಟ್ಟ ಇಳಿದಾಗ ಗಾಳಿ ಒಳಹೊಕ್ಕು ಎಲ್ಲವೂ ನಿಂತುಬಿಡುತ್ತದೆ. ಗೇಟಿಲ್ಲ, ಮೋಟಾರಿಲ್ಲ, ನಡುರಾತ್ರಿ ಎದ್ದು ಚಕ್ರ ತಿರುಗಿಸುವ ಸೌಡಿಯೂ ಬೇಡ. ಇದೇ ಅಯ್ಯರ್ ಅವರ 11 ಸೈಫನ್‌ಗಳಿದ್ದ ಶರಾವತಿಯ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿಹೋಯಿತು. ನೀರು ತೀರಾ ತಗ್ಗಿದ ಬೇಸಿಗೆಯಲ್ಲಷ್ಟೇ ಅದು ತಲೆ ಎತ್ತುತ್ತದೆ. ಸೈಫನ್ ನೋಡಬೇಕೆಂದವರು ಮಾರ್ಕೋನಹಳ್ಳಿಗೆ ಬರಬಹುದು. ಏರಿಯ ಮೇಲೆ ನಿಂತ ಒಬ್ಬ ಅಜ್ಜನನ್ನು ‘ನೀರು ಯಾವಾಗ ಬಿಡ್ತಾರೆ ತಾತಾ?’ ಎಂದು ಕೇಳಿದೆ. ‘ಬಿಡಾರು ಯಾರಪ್ಪ? ಅದೇ ಬಿಟ್ಕತದೆ’ ಎಂದರು. ಪುಟಗಟ್ಟಲೆ ವಿವರಿಸಿದರೂ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಕಾಲಲ್ಲಿ ಕಸುವು ಉಳಿದಿದ್ದರೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹತ್ತಬಹುದು. ಕೆಂಪೇಗೌಡರ ಕೋಟೆ, ಬಾಗಿಲ ಮೇಲೆ ಬಾಗಿಲು, ತುದಿಯಲ್ಲಿ ಶಂಕರೇಶ್ವರ. ಬಿಸಿಲೇರುವ ಮುಂಚೆ ಹತ್ತಿ ಇಳಿಯುವುದು ಲೇಸು. ಬೆಂಗಳೂರು–ಹಾಸನ ರೈಲು ಕುಣಿಗಲ್ ಮತ್ತು ಯಡಿಯೂರಿನ ಮೇಲೆ ಹೋಗುತ್ತದೆ, ತುಮಕೂರು ಮತ್ತು ಗುಬ್ಬಿ ಅರಸೀಕೆರೆ ಮಾರ್ಗದಲ್ಲಿವೆ. ಕಾರಿಲ್ಲದವರಿಗೂ ಇದು ದೂರದ ಮಾತಲ್ಲ. ಹೋಗುವುದಾದರೆ ಕಾರ್ತಿಕದಲ್ಲಿ ಹೋಗಿ, ದೀಪಾವಳಿಯ ನಂತರದ ಯಾವುದಾದರೂ ವಾರಾಂತ್ಯ. ಗೂಳೂರಿನಲ್ಲಿ ಗಣಪ ಕೂತಿರುತ್ತಾನೆ, ಮಳೆ ಕೈಕೊಡದಿದ್ದರೆ ಕುಣಿಗಲ್ ಕೆರೆ ತುಂಬಿರುತ್ತದೆ, ಮಾರ್ಕೋನಹಳ್ಳಿ ಕೋಡಿ ಹರಿಯುತ್ತಿದ್ದರೂ ಹರಿಯುತ್ತಿರಬಹುದು. ನಾಗವಲ್ಲಿಗೆ ಹೋಗುವವರು ಮಾತ್ರ ಊರಿನವರನ್ನು ಜೊತೆಗಿಟ್ಟುಕೊಳ್ಳಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಕ್ಯಾಮೆರಾದ ಫ್ಲ್ಯಾಶ್ ಆರಿಸಿ.