ದೂರದ ಗೋಡೆ, ಪರರ ಮಕ್ಕಳು

ಸ್ವಂತ ಮನೆಯ ಕಾಂಪೌಂಡು ಏಳುವಾಗ ಒಂದು ಬಾಂಡ್ಲಿ ಗಾರೆಯನ್ನೂ ಎತ್ತದವರು ವಿಮಾನ ಹತ್ತಿ ಕಾಂಬೋಡಿಯಕ್ಕೋ ಕೀನ್ಯಾಕ್ಕೋ ಹೋಗಿ ಶಾಲೆಯ ಗೋಡೆ ಕಟ್ಟುತ್ತಾರೆ. ಸಂಜೆಯಾದರೆ ಅಲ್ಲಿನ ಮಕ್ಕಳನ್ನು ಹೆಗಲೇರಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಪದ್ಧತಿ ಹುಟ್ಟಿದಾಗ ಹೀಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರ ನವೆಂಬರಿನಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಸ್ ಇಂಜಿನಿಯರ್ ಬೆರಳೆಣಿಕೆಯ ಸಂಗಾತಿಗಳೊಂದಿಗೆ ಫ್ರಾನ್ಸಿನ ವೆರ್ಡನ್ ಬಳಿಯ ಎಸ್ನ್ ಎಂಬ ಹಳ್ಳಿಗೆ ಬಂದರು. ಯುದ್ಧ ಆ ಊರನ್ನು ನೆಲಸಮ ಮಾಡಿತ್ತು. ತಂಡದಲ್ಲಿ ಜರ್ಮನರೂ ಇದ್ದರು. ಎರಡು ವರ್ಷದ ಹಿಂದೆ ಶತ್ರುಗಳಾಗಿದ್ದವರು ಚಳಿಗಾಲದುದ್ದಕ್ಕೂ ಅದೇ ಊರಿನಲ್ಲಿ ಸೂರು ಎಬ್ಬಿಸಿದರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆಯ ಬೇರು ಅಲ್ಲಿದೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಮಿ ನಡುಗಿದ ಮೇಲೆ ಇದೇ ಸೆರೆಸೋಲ್ ಮುಜಫ್ಫರ್‌ಪುರದ ಕಡೆಗೂ ಬಂದು, ಅಲ್ಲಿನ ಹಳ್ಳಿಗರೊಂದಿಗೆ ಮನೆ ಕಟ್ಟಲು ನಿಂತರು. ಎರಡು ಕಡೆಯೂ ಊರೇ ಬಿದ್ದುಹೋಗಿತ್ತು, ಬಂದ ಮುಂದಾಳಿಗೆ ಕಟ್ಟುವ ವಿದ್ಯೆ ಗೊತ್ತಿತ್ತು, ಕೆಲಸ ತಿಂಗಳುಗಟ್ಟಲೆ ನಡೆಯಿತು.

ಇಂದಿನ ಸೇವಾ ಪ್ರವಾಸದ ಪ್ಯಾಕೇಜುಗಳಲ್ಲಿ ಈ ಮೂರೂ ಕಾಣುವುದು ಅಪರೂಪ. ಹೋದ ಊರಿನಲ್ಲಿ ಮೇಸ್ತ್ರಿಗಳಿಗೆ ಬರವಿಲ್ಲ, ಬರ ಇರುವುದು ಅವರಿಗೆ ಕೊಡುವ ಕೂಲಿಗೆ. ವಿಮಾನದ ಟಿಕೆಟ್ಟಿನ ದುಡ್ಡಿನಲ್ಲಿ ಎಷ್ಟೋ ದಿನ ಗಾರೆ ಕೆಲಸದವರ ಒಲೆ ಉರಿಯುತ್ತಿತ್ತು, ಗೋಡೆಯೂ ರಸಮಟ್ಟಕ್ಕೆ ಸರಿಯಾಗಿ ಏಳುತ್ತಿತ್ತು. ನಮ್ಮ ಕಾಲೇಜುಗಳ ಎನ್ಎಸ್ಎಸ್ ಶಿಬಿರದಲ್ಲಿ ವಾರವಿಡೀ ಚರಂಡಿ ತೋಡಿದವರಿಗೆ ಈ ಲೆಕ್ಕ ಬೇಗ ಅರ್ಥವಾದೀತು. ಅಲ್ಲಿ ಕಡೆಗೆ ಉಳಿಯುವುದು ಚರಂಡಿಗಿಂತ ಹೆಚ್ಚಾಗಿ ಶಿಬಿರದ ನೆನಪು.

ಹಾಗಿದ್ದರೆ ಚೆಕ್ ಬರೆದು ಕಳಿಸಿ ಮನೆಯಲ್ಲೇ ಕೂರಬೇಕೆ, ಮನುಷ್ಯ ಮನುಷ್ಯನನ್ನು ಅರಿಯುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಿಂತಕ ಇವಾನ್ ಇಲಿಚ್ 1968ರಲ್ಲಿ, ಮೆಕ್ಸಿಕೊದ ಬೇಸಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ನಿಂತು, ನೋಡಿ ಕಲಿಯಲು ಬರುವುದಾದರೆ ಸರಿ, ಉದ್ಧಾರ ಮಾಡಲು ಬರುವುದೇ ಬೇಡ ಎಂಬ ಧಾಟಿಯಲ್ಲಿ ಮಾತಾಡಿದ್ದರು. ಅಷ್ಟು ಖಾರ ನನಗೆ ಒಗ್ಗುವುದಿಲ್ಲ. ಎಸ್ನ್‌ನಲ್ಲಿ ಜರ್ಮನನೊಬ್ಬ ಸುತ್ತಿಗೆ ಹಿಡಿದದ್ದರ ಬೆಲೆಯನ್ನು ಕೂಲಿಯ ದರದಲ್ಲಿ ಅಳೆಯಲಾಗದು. ದೊಡ್ಡವರ ನಡುವಿನ ಇಂಥ ಸಂಬಂಧಕ್ಕೆ ನನ್ನ ಅಡ್ಡಿಯೂ ಇಲ್ಲ.

ಮಕ್ಕಳ ಮಾತು ಬೇರೆ. ಹೊಸಬರನ್ನು ಕಂಡರೆ ಮಕ್ಕಳು ಕುಣಿಯುತ್ತಾರಲ್ಲ, ಅದರಲ್ಲೇನು ತಪ್ಪು ಎನ್ನುವವರು ಕಾಂಬೋಡಿಯದ ಕಥೆ ಕೇಳಬೇಕು. ಅಲ್ಲಿ 2005ರಿಂದ ಐದು ವರ್ಷಗಳಲ್ಲಿ ಅನಾಥಾಲಯಗಳು ಶೇ. 75ರಷ್ಟು ಹೆಚ್ಚಿದವೆಂದೂ, ಒಳಗಿದ್ದ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರೆಂದೂ ಯುನಿಸೆಫ್ ವರದಿ ಮಾಡಿತು. ಪ್ರವಾಸಿಗರ ಕರುಣೆ ಹರಿದಲ್ಲಿ ಅನಾಥರೂ ತಯಾರಾದರು. 2017ರಲ್ಲಿ ಆಸ್ಟ್ರೇಲಿಯದ ಸಂಸದೀಯ ಸಮಿತಿಯೊಂದು, ಅನಾಥಾಲಯ ತುಂಬಲು ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯೆಂದೇ ಎಣಿಸಬೇಕೆಂದಿತು. ಎಲ್ಲ ಶಿಬಿರಗಳೂ ಇಂಥವಲ್ಲ, ನಿಜ. ಆದರೆ ಮೋಸವೇ ಇಲ್ಲದ ಕಡೆಯಲ್ಲೂ ಹದಿನೈದು ದಿನಕ್ಕೊಬ್ಬ ಅಕ್ಕ, ಹದಿನೈದು ದಿನಕ್ಕೊಬ್ಬ ಅಣ್ಣ ಬಂದು ಮುದ್ದಾಡಿ ಹೊರಟುಹೋದರೆ, ಕಳಿಸಿಕೊಡುವ ಕೆಲಸ ಪ್ರತಿಸಲವೂ ಬೀಳುವುದು ಆ ಮಗುವಿನ ಪಾಲಿಗೇ. ಹೋದವರಿಗೆ ಅದು ಒಂದೇ ಸಲದ ಕಣ್ಣೀರು.

ಹೋಗುವ ಆಸೆಯಿದ್ದರೆ ಹೋಗಿ. ಹಣ ಕಟ್ಟುವ ಮುಂಚೆ ಮಾತ್ರ ಸಂಸ್ಥೆಯವರನ್ನು ಕೇಳಿ: ಗೋಡೆಯ ಮೇಸ್ತ್ರಿ ಆ ಊರಿನವನೇ, ಅವನ ಕೂಲಿ ಎಷ್ಟು? ಮಕ್ಕಳ ಬಳಿ ಬಿಡುವ ಮೊದಲು ನನ್ನ ಹಿನ್ನೆಲೆ ಯಾರು ವಿಚಾರಿಸುತ್ತಾರೆ? ಉತ್ತರ ಬಾರದಿದ್ದರೆ ಆ ಹಣ ನಿಮ್ಮ ಬಳಿಯೇ ಇರಲಿ.