ಬಿರುಗಾಳಿಯ ಬೆನ್ನು ಹತ್ತಿ

ಅಮೆರಿಕದ ಓಕ್ಲಹೋಮಾದಲ್ಲಿರುವ ನನ್ನ ಮಗನಿಗೆ ಮೇ ತಿಂಗಳೆಂದರೆ ಸುಂಟರಗಾಳಿಯ ಬೆನ್ನು ಹತ್ತುವ ಕಾಲ. ಒಮ್ಮೆ ನನ್ನನ್ನೂ ಕರೆದೊಯ್ದ. ನೋಡಿದ್ದಕ್ಕಿಂತ ಕಾದದ್ದೇ ಹೆಚ್ಚು! ದಿನಕ್ಕೆ 500 ಕಿಲೋಮೀಟರ್ ಕಾರಿನಲ್ಲಿ ಅಲೆದಾಟ, ಪೆಟ್ರೋಲ್ ಬಂಕಿನ ನೆರಳಲ್ಲಿ ಚಪಾತಿ-ಚಟ್ನಿಪುಡಿ, ರಾತ್ರಿ ಸಿಕ್ಕ ಊರಲ್ಲಿ ನಿದ್ದೆ.

ಮೂರನೆಯ ಸಂಜೆ ಕಾನ್ಸಾಸ್‌ನ ಗೋಧಿ ಹೊಲದಾಚೆ ಇಡೀ ಮೋಡವೇ ನಿಧಾನವಾಗಿ ತಿರುಗತೊಡಗಿತು. ಆಮೇಲೆ ಮಳೆ ಸುರಿದು ಎಲ್ಲ ಮರೆಯಾಯಿತು. "ಇನ್ನೂ ಹತ್ತಿರ ಹೋಗೋಣ ಕಣೋ" ಎಂದೆ. ಅವನು ಕಾರನ್ನು ಹಿಂದಕ್ಕೆ ತಿರುಗಿಸಿದ.

"ಬೇಡ ಅಪ್ಪಾ. ಮಳೆಯೊಳಗೆ ಅಡಗಿದ ಸುಂಟರಗಾಳಿ ಕಣ್ಣಿಗೆ ಕಾಣುವುದಿಲ್ಲ. 2013ರಲ್ಲಿ ಎಲ್ ರೀನೊ ಊರಿನ ಬಳಿ ಟಿಮ್ ಸಮರಾಸ್ ಅವರಂಥ ಅನುಭವಿಯೇ ಪ್ರಾಣ ಕಳೆದುಕೊಂಡರು."

ಹಿಂದೆ ತುಂಗೆ ತುಂಬಿ ಹರಿಯುವಾಗ ದಡಕ್ಕೆ ಓಡುತ್ತಿದ್ದ ಅವನ ಕೈ ಹಿಡಿದು ಎಳೆದು ತಂದಿದ್ದೆ. ಅಂದು ಅವನು ಮುನಿಸಿಕೊಂಡಿದ್ದ. ಈಗ ನನ್ನ ಸರದಿ!